ಹಳೇ ಲಿಥಿಯಂ ಬ್ಯಾಟರಿ ಗೋಡೌನಲ್ಲಿ ಬೇಡ: ತೋಟದ ಮನೆಯವರಿಗೆ ಬೆಂಕಿ ಮುನ್ನೆಚ್ಚರಿಕೆ

ಈ ವಾರ ಗೊಬ್ಬರ, ಕಸಿ, ಬೋರ್ಡೋ ಯಾವುದೂ ಅಲ್ಲ. ಬ್ಯಾಟರಿ ವಿಷಯ.

ಆಲ್ದೂರು ಸುತ್ತಮುತ್ತ ಯಾವ ಕಾಫಿ ತೋಟಕ್ಕೆ ಹೋದರೂ ಈಗ ಒಂದು ಹೊಸ ಸಾಮಾನು ಕಣ್ಣಿಗೆ ಬೀಳುತ್ತೆ. ಬಣ್ಣದ ಪ್ಲಾಸ್ಟಿಕ್ ಹಾಳೆ ಸುತ್ತಿ, ಕೆಂಪು-ಕಪ್ಪು ಎರಡು ವೈರ್ ಹೊರಗೆ ಬಿಟ್ಟ ಲಿಥಿಯಂ ಬ್ಯಾಟರಿ ಪ್ಯಾಕ್. ಕೆಲವು ಹಳೇ ಎಲೆಕ್ಟ್ರಿಕ್ ಸ್ಕೂಟರಿನಿಂದ ಬಿಚ್ಚಿದ್ದು, ಕೆಲವು ಲ್ಯಾಪ್‌ಟಾಪ್ ಬ್ಯಾಟರಿ ಒಡೆದು ಒಳಗಿನ ಸೆಲ್ ತೆಗೆದು ಜೋಡಿಸಿದ್ದು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದವರಿದ್ದಾರೆ, ಆನ್‌ಲೈನಲ್ಲಿ ತರಿಸಿದವರಿದ್ದಾರೆ, ಯೂಟ್ಯೂಬ್ ನೋಡಿ ತಾವೇ ಕಟ್ಟಿಕೊಂಡ ಹುಡುಗರೂ ಇದ್ದಾರೆ.

ಕಾರಣ ಎಲ್ಲರಿಗೂ ಗೊತ್ತು. ಆರಿದ್ರಾ ಮಳೆ ಹಿಡಿಯಿತು ಅಂದ್ರೆ ಲೈನ್ ಮೇಲೆ ಮರ ಬೀಳೋದು, ದಿನಗಟ್ಟಲೆ ಕರೆಂಟ್ ಇಲ್ಲದೆ ಇರೋದು ನಮಗೆ ಮಾಮೂಲು. ಮೆಸ್ಕಾಂನವರು ಮಳೆಯಲ್ಲಿ ನೆನೆದುಕೊಂಡು ಬಂದು ಸರಿ ಮಾಡುವ ತನಕ ಮನೆಗೆ ದೀಪ ಬೇಕು, ಮೊಬೈಲ್ ಚಾರ್ಜ್ ಆಗಬೇಕು. ಆನೆ ಬರೋ ಕಡೆ ಬೇಲಿಗೆ ಬ್ಯಾಟರಿ ಬೇಕು, ರಾತ್ರಿ ಓಡಾಡೋಕೆ ಒಳ್ಳೇ ಟಾರ್ಚ್ ಬೇಕು. ಬೆನ್ನಿಗೆ ಹಾಕಿಕೊಳ್ಳೋ ಸ್ಪ್ರೇಯರಿನ ಸೀಸದ ಬ್ಯಾಟರಿ ಬೇಗ ಕೈಕೊಡುತ್ತೆ, ಭಾರ ಬೇರೆ. ಹಳೇ ಲಿಥಿಯಂ ಪ್ಯಾಕ್ ಹಗುರ, ಹೊಸದಕ್ಕಿಂತ ಬಹಳ ಅಗ್ಗ, ತುಂಬಾ ಹೊತ್ತು ಬಾಳುತ್ತೆ. ಹಾಗಾಗಿ ತಂದವರನ್ನು ತಪ್ಪು ಅನ್ನೋ ಹಾಗಿಲ್ಲ. ಒಮ್ಮೆ ಬಳಸಿದ ವಸ್ತುವನ್ನು ಮತ್ತೆ ಬಳಸೋದು ಸಾವಯವ ಕೃಷಿಕರಿಗೆ ಒಪ್ಪುವ ಗುಣವೇ.

ತೊಂದರೆ ಇರೋದು ಅದನ್ನು ಇಡೋ ಜಾಗದಲ್ಲಿ. ಹೆಚ್ಚಿನವರು ಇಡೋದು ಗೋಡೌನಿನ ಮೂಲೆಯಲ್ಲಿ. ಪಕ್ಕದಲ್ಲೇ ಗೋಣಿಚೀಲದಲ್ಲಿ ಒಂದು ವರ್ಷದ ಪಾರ್ಚ್‌ಮೆಂಟ್, ಚೆರಿ, ಕಾಳುಮೆಣಸು. ಇನ್ನೊಂದು ಪಕ್ಕ ಕಳೆ ಹೊಡೆಯೋ ಯಂತ್ರಕ್ಕೆ ಆಯಿಲ್ ಬೆರೆಸಿಟ್ಟ ಪೆಟ್ರೋಲ್ ಕ್ಯಾನ್. ಇಲ್ಲದಿದ್ರೆ ಮನೆಯ ಮರದ ಅಟ್ಟ. ಇನ್ನೂ ಹೆಚ್ಚು ಭಯದ್ದು ಅಂದ್ರೆ ಲೈನ್ ಮನೆಯಲ್ಲಿ, ಮಕ್ಕಳು ಮಲಗೋ ಮಂಚದ ಕೆಳಗೆ.

ಇದು ದೂರದ ಮಾತಲ್ಲ

"ಇಷ್ಟು ದಿನ ಏನೂ ಆಗಿಲ್ವಲ್ಲ ಮಾರಾಯ್ರೆ" ಅಂತ ಹೇಳೋರಿಗೆ ನಾಲ್ಕು ಘಟನೆ ನೆನಪಿಸ್ತೀನಿ.

2022ರ ಮಾರ್ಚ್ ಕೊನೆಯಲ್ಲಿ ತಮಿಳುನಾಡಿನ ವೆಲ್ಲೂರಿನಲ್ಲಿ ರಾತ್ರಿ ಚಾರ್ಜಿಗೆ ಹಾಕಿದ್ದ ಎಲೆಕ್ಟ್ರಿಕ್ ಸ್ಕೂಟರಿನಿಂದ ಬೆಂಕಿ ಎದ್ದು ತಂದೆ-ಮಗಳು ಇಬ್ಬರೂ ತೀರಿಕೊಂಡರು. ಅದೇ ವರ್ಷ ಏಪ್ರಿಲ್ 23ರಂದು ವಿಜಯವಾಡದಲ್ಲಿ ಮಲಗುವ ಕೋಣೆಯಲ್ಲಿ ಚಾರ್ಜಿಗೆ ಇಟ್ಟಿದ್ದ ಸ್ಕೂಟರ್ ಬ್ಯಾಟರಿ ಸಿಡಿದು ಮನೆ ಯಜಮಾನ ಸತ್ತರು. ಸೆಪ್ಟೆಂಬರ್ 12ರ ರಾತ್ರಿ ಸಿಕಂದರಾಬಾದಿನಲ್ಲಿ ಕೆಳಗೆ ಎಲೆಕ್ಟ್ರಿಕ್ ಸ್ಕೂಟರ್ ಷೋರೂಮ್, ಮೇಲೆ ಲಾಡ್ಜ್ ಇದ್ದ ಕಟ್ಟಡದಲ್ಲಿ ಬೆಂಕಿ ಬಿದ್ದು 8 ಜನ ಸತ್ತರು. ಬೆಂಕಿ ಇದ್ದದ್ದು ಕೆಳಗೆ. ಹೊಗೆ ಮೆಟ್ಟಿಲ ಹಾದಿಯಲ್ಲೇ ಮೇಲೆ ಹೋಯಿತು. ನಮ್ಮ ರಾಜ್ಯದ್ದೇ ಹೇಳೋದಾದ್ರೆ 2024ರ ನವೆಂಬರ್ 19ರ ಸಂಜೆ ಬೆಂಗಳೂರಿನ ರಾಜಾಜಿನಗರದಲ್ಲಿ, ಡಾ. ರಾಜ್‌ಕುಮಾರ್ ರಸ್ತೆಯ ಎಲೆಕ್ಟ್ರಿಕ್ ಸ್ಕೂಟರ್ ಮಳಿಗೆಗೆ ಬೆಂಕಿ ಬಿತ್ತು. ಒಳಗಿದ್ದ 20 ವರ್ಷದ ಉದ್ಯೋಗಿ ಹೊರಗೆ ಬರಲಾಗದೆ ಪ್ರಾಣ ಬಿಟ್ಟರು.

2022ರ ಘಟನೆಗಳಾದ ಮೇಲೆ ಕೇಂದ್ರ ಸರ್ಕಾರ ಎಐಎಸ್-156 ಅನ್ನುವ ಸುರಕ್ಷತಾ ಮಾನದಂಡವನ್ನು ಬಿಗಿ ಮಾಡಿತು. 2022ರ ಡಿಸೆಂಬರ್ 1 ಮತ್ತು 2023ರ ಮಾರ್ಚ್ 31, ಹೀಗೆ ಎರಡು ಹಂತದಲ್ಲಿ ಜಾರಿಗೆ ಬಂತು. ಸೆಲ್, ಅದನ್ನು ಕಾಯುವ ಸರ್ಕ್ಯೂಟ್, ಚಾರ್ಜರ್, ಒಂದು ಸೆಲ್ ಹೊತ್ತಿದರೆ ಇಡೀ ಪ್ಯಾಕಿಗೆ ಹರಡುತ್ತದೆಯೇ ಅನ್ನೋ ಪರೀಕ್ಷೆ, ಎಲ್ಲ ಅದರಲ್ಲಿ ಸೇರಿದೆ. ಆದರೆ ಈ ಪರೀಕ್ಷೆಗಳು ನಡೆಯೋದು ಕಂಪನಿ ಕಟ್ಟಿದ ಪೂರ್ತಿ ಪ್ಯಾಕಿನ ಮೇಲೆ. ಆ ಪ್ಯಾಕ್ ಒಡೆದು, ಸೆಲ್ ಹೊರಗೆ ತೆಗೆದು, ಬೇರೆ ರೀತಿ ಜೋಡಿಸಿದ ಕ್ಷಣಕ್ಕೆ ಆ ಪರೀಕ್ಷೆಗೆ ಬೆಲೆ ಇಲ್ಲ. ನಮ್ಮ ಗೋಡೌನಿನಲ್ಲಿರೋದು ಅಂಥದ್ದೇ.

ಒಳಗೆ ಏನಾಗುತ್ತೆ?

ಸೆಲ್ ಅಂದರೆ ಎರಡು ಲೋಹದ ಹಾಳೆ, ನಡುವೆ ತೆಳ್ಳಗಿನ ಪ್ಲಾಸ್ಟಿಕ್ ಪರದೆ, ಅದೆಲ್ಲ ಒಂದು ದ್ರಾವಣದಲ್ಲಿ ನೆನೆದು ಸುರುಳಿ ಸುತ್ತಿಕೊಂಡಿರುತ್ತೆ. ಆ ದ್ರಾವಣ ಪೆಟ್ರೋಲಿನ ಹಾಗೆ ಹೊತ್ತಿಕೊಳ್ಳುವಂಥದ್ದು. ನಾವು ಹೆಚ್ಚಾಗಿ ನೋಡೋ ಉರುಟು ಸೆಲ್ಲಿಗೆ 18650 ಅಂತ ಹೆಸರು. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ ಅಂತ ಅರ್ಥ.

ಜಾಸ್ತಿ ಚಾರ್ಜ್ ಆದಾಗ, ಪೆಟ್ಟು ಬಿದ್ದಾಗ, ಒಳಗೇ ಶಾರ್ಟ್ ಆದಾಗ ಸೆಲ್ ಬಿಸಿಯಾಗುತ್ತೆ. ಸುಮಾರು 80ರಿಂದ 120 ಡಿಗ್ರಿ ಹೊತ್ತಿಗೆ ಒಳಗಿನ ರಕ್ಷಣಾ ಪದರ ಒಡೆಯೋಕೆ ಶುರು. 130 ಡಿಗ್ರಿ ಆಸುಪಾಸಿನಲ್ಲಿ ಪ್ಲಾಸ್ಟಿಕ್ ಪರದೆ ಕರಗುತ್ತೆ. ಆಮೇಲೆ ಎರಡೂ ಹಾಳೆ ನೇರ ತಾಗಿ ಇನ್ನೂ ಬಿಸಿ, ಆ ಬಿಸಿಗೆ ಇನ್ನಷ್ಟು ರಾಸಾಯನಿಕ ಕ್ರಿಯೆ, ಅದರಿಂದ ಇನ್ನೂ ಬಿಸಿ. ಬಿಸಿಯೇ ಬಿಸಿಯನ್ನು ಹುಟ್ಟಿಸುವ ಈ ಹಂತಕ್ಕೆ ಬಂದ ಮೇಲೆ ಸ್ವಿಚ್ ಆಫ್ ಮಾಡಿದರೂ ನಿಲ್ಲೋದಿಲ್ಲ.

ಒಂದು ಸೆಲ್ ಸಿಡಿದರೆ ಪಕ್ಕದ್ದಕ್ಕೆ ಬಿಸಿ ತಾಗುತ್ತೆ. 48 ವೋಲ್ಟಿನ ಒಂದು ಸ್ಕೂಟರ್ ಪ್ಯಾಕಿನಲ್ಲಿ ಇಂಥ 130 ಸೆಲ್ ಇರಬಹುದು. ಒಂದಾದ ಮೇಲೊಂದು, ದೀಪಾವಳಿ ಸರಪಟಾಕಿಯ ಹಾಗೆ. ಹೊರಗೆ ಬರೋ ಹೊಗೆಯಲ್ಲಿ ಹೈಡ್ರೋಜನ್, ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ ಫ್ಲೋರೈಡ್ ಇರುತ್ತೆ. ಮೊದಲನೆಯದು ಮುಚ್ಚಿದ ಕೋಣೆಯಲ್ಲಿ ಸ್ಫೋಟ ಆಗಬಲ್ಲದು, ಉಳಿದೆರಡು ವಿಷ.

ಇನ್ನೊಂದು ಮಾತು ಕಾಫಿ ಬೆಳೆಗಾರರಿಗೆ. ಕಾಫಿ ಬೀಜ ವಾಸನೆ ಹೀರಿಕೊಳ್ಳೋದರಲ್ಲಿ ಎತ್ತಿದ ಕೈ. ಬೆಂಕಿ ಚೀಲಕ್ಕೆ ತಾಗದೆ ಬರೀ ಈ ಪ್ಲಾಸ್ಟಿಕ್ ಹೊಗೆ ಗೋಡೌನ್ ತುಂಬಿದರೂ ಸಾಕು, ಆ ಮಾಲು ಕೆಟ್ಟ ಹಾಗೆಯೇ.

ಹಳೇ ಸೆಲ್ ಯಾಕೆ ಹೆಚ್ಚು ಅಪಾಯ?

- ಅದರ ಇತಿಹಾಸ ನಮಗೆ ಗೊತ್ತಿಲ್ಲ. ಸ್ಕೂಟರ್ ಬಿದ್ದಿರಬಹುದು, ನೀರಲ್ಲಿ ಮುಳುಗಿರಬಹುದು, ವರ್ಷಗಟ್ಟಲೆ ಖಾಲಿಯಾಗಿ ಬಿದ್ದಿರಬಹುದು.
- ಪ್ಯಾಕಿನಿಂದ ಸೆಲ್ ಕೀಳುವಾಗ ತಗಡು ಹರಿದಿರುತ್ತೆ, ಮೇಲಿನ ಪ್ಲಾಸ್ಟಿಕ್ ಸಿಪ್ಪೆ ಕಿತ್ತಿರುತ್ತೆ. ಸಿಪ್ಪೆ ಹರಿದರೆ ಸೆಲ್ಲಿನ ಮೈ ಪೂರ್ತಿ ನೆಗೆಟಿವ್. ಪಾಸಿಟಿವ್ ತಲೆಯ ಪಕ್ಕದಲ್ಲೇ ಅದು ತಾಗಿದರೆ ಶಾರ್ಟ್.
- ಬೇರೆ ಬೇರೆ ಕಂಪನಿಯ, ಬೇರೆ ಬೇರೆ ವಯಸ್ಸಿನ ಸೆಲ್ ಒಟ್ಟಿಗೆ ಕಟ್ಟಿರ್ತಾರೆ. ಬಲಹೀನ ಸೆಲ್ ಬೇಗ ತುಂಬುತ್ತೆ, ಬೇಗ ಖಾಲಿಯಾಗುತ್ತೆ. ಎಳೆಗರು ಮತ್ತು ಎತ್ತನ್ನು ಒಂದೇ ನೊಗಕ್ಕೆ ಕಟ್ಟಿದ ಹಾಗೆ.
- ಕಾಯುವ ಸರ್ಕ್ಯೂಟ್, ಅಂದರೆ ಬಿಎಂಎಸ್, ಇರೋದೇ ಇಲ್ಲ. ಇದ್ದರೂ "ಪದೇ ಪದೇ ಕಟ್ ಆಗುತ್ತೆ" ಅಂತ ಅದನ್ನು ದಾಟಿಸಿ ವೈರ್ ಹಾಕಿರ್ತಾರೆ. ಪದೇ ಪದೇ ಕಟ್ ಆಗ್ತಿದೆ ಅಂದ್ರೆ ಅದು ಏನೋ ಹೇಳ್ತಿದೆ ಅಂತ ಅರ್ಥ. ನಾಯಿ ಬೊಗಳುತ್ತೆ ಅಂತ ನಾಯಿಯನ್ನೇ ಓಡಿಸಿದ ಹಾಗಾಯ್ತು.

ಎರಡು ಜಾತಿ, ಎರಡು ಲೆಕ್ಕ

ನಮಗೆ ಸಿಗೋದು ಮುಖ್ಯವಾಗಿ ಎರಡು ಬಗೆ. ಲ್ಯಾಪ್‌ಟಾಪ್ ಮತ್ತು ಬಹಳಷ್ಟು ಸ್ಕೂಟರಿನ ಸೆಲ್ ಎನ್‌ಎಂಸಿ ಅಥವಾ ಅದರ ನೆಂಟ. ಇದರ ಸಾಮಾನ್ಯ ವೋಲ್ಟೇಜ್ 3.6ರಿಂದ 3.7, ಪೂರ್ತಿ ತುಂಬಿದಾಗ 4.2. ಇನ್ನೊಂದು ಎಲ್‌ಎಫ್‌ಪಿ, ಅಂದರೆ ಲಿಥಿಯಂ ಕಬ್ಬಿಣ ಫಾಸ್ಫೇಟ್. ಸಾಮಾನ್ಯ 3.2, ತುಂಬಿದಾಗ 3.65. ಹೊಸ ಸೋಲಾರ್ ಬೀದಿದೀಪ, ಮನೆಯ ಲಿಥಿಯಂ ಇನ್ವರ್ಟರ್‌ಗಳಲ್ಲಿ ಹೆಚ್ಚಾಗಿ ಇದೇ ಇರುತ್ತೆ.

ಎಲ್‌ಎಫ್‌ಪಿ ಹೆಚ್ಚು ಬಿಸಿ ತಡೆಯುತ್ತೆ, ಬೆಂಕಿಯ ಹೊತ್ತಲ್ಲಿ ಆಮ್ಲಜನಕವನ್ನು ಸುಲಭಕ್ಕೆ ಬಿಟ್ಟುಕೊಡಲ್ಲ. ಎನ್‌ಎಂಸಿ ತನ್ನ ಒಳಗಿಂದಲೇ ಆಮ್ಲಜನಕ ಬಿಡುತ್ತೆ, ಅದಕ್ಕೇ ಬರೀ ಗಾಳಿ ತಡೆದರೆ ಆರೋದಿಲ್ಲ. ಮನೆಗೆ ಅಂತ ಆರಿಸೋದಾದರೆ ಎಲ್‌ಎಫ್‌ಪಿಯೇ ಮೇಲು. ಹಾಗಂತ ಎಲ್‌ಎಫ್‌ಪಿಗೆ ಬೆಂಕಿಯೇ ಬೀಳಲ್ಲ ಅನ್ನೋ ಅಂಗಡಿ ಮಾತು ನಂಬಬೇಡಿ. ಕೆಟ್ಟಾಗ ಅದೂ ಹೈಡ್ರೋಜನ್ ತುಂಬಿದ ಹೊಗೆ ಬಿಡುತ್ತೆ.

ಸ್ಪ್ರೇಯರ್ ಚಾರ್ಜರ್: ಎಲ್ಲಕ್ಕಿಂತ ಮುಖ್ಯ ಎಚ್ಚರಿಕೆ

ಇಡೀ ಲೇಖನದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳೋದಾದರೆ ಇದನ್ನು ಇಟ್ಟುಕೊಳ್ಳಿ.

ಸ್ಪ್ರೇಯರ್ ಜೊತೆ ಬಂದ ಚಾರ್ಜರ್ ಸಾಮಾನ್ಯವಾಗಿ 12 ವೋಲ್ಟ್ ಸೀಸದ ಬ್ಯಾಟರಿಗೆ ಮಾಡಿದ್ದು. ಅದು ಸುಮಾರು 14.4 ವೋಲ್ಟ್ ತನಕ ಏರಿಸುತ್ತೆ. ಈಗ ಸೀಸದ ಬ್ಯಾಟರಿ ತೆಗೆದು, ಮೂರು ಎನ್‌ಎಂಸಿ ಸೆಲ್ ಸಾಲಾಗಿ ಜೋಡಿಸಿದ "12 ವೋಲ್ಟ್" ಪ್ಯಾಕ್ ಹಾಕ್ತೀರಿ ಅಂತಿಟ್ಟುಕೊಳ್ಳಿ. ಆ ಪ್ಯಾಕಿನ ಹೊಟ್ಟೆ ತುಂಬೋದು 12.6 ವೋಲ್ಟಿಗೆ. ಹಳೇ ಚಾರ್ಜರ್ 14.4 ಕೊಟ್ಟರೆ ಒಂದೊಂದು ಸೆಲ್ಲಿಗೆ 4.8 ವೋಲ್ಟ್! ಅದರ ಮಿತಿ 4.2. ನಡುವೆ ಬಿಎಂಎಸ್ ಇದ್ದರೆ ಅದು ತಡೆಯಬೇಕು. ಅದು ಇಲ್ಲ, ಅಥವಾ ಕೆಟ್ಟಿದೆ ಅಂದ್ರೆ ತಡೆಯೋರು ಯಾರೂ ಇಲ್ಲ.

ಸೋಲಾರ್ ಬೇಲಿಯ ಚಾರ್ಜ್ ಕಂಟ್ರೋಲರ್, ಮನೆಯ ಹಳೇ ಯುಪಿಎಸ್‌ಗೂ ಇದೇ ಲೆಕ್ಕ. ಕೆಲವು ಇನ್ವರ್ಟರ್‌ಗಳು ಸೀಸದ ಬ್ಯಾಟರಿಯನ್ನು ಸುಧಾರಿಸಲು ಆಗಾಗ 15 ವೋಲ್ಟಿಗಿಂತ ಮೇಲೂ ಏರಿಸುತ್ತವೆ. ನಾಲ್ಕು ಎಲ್‌ಎಫ್‌ಪಿ ಸೆಲ್ಲಿನ ಪ್ಯಾಕ್ 14.6ಕ್ಕೆ ತುಂಬುತ್ತೆ, ಹಾಗಾಗಿ 12 ವೋಲ್ಟ್ ಉಪಕರಣಗಳಿಗೆ ಅದು ಹತ್ತಿರ ಹೊಂದುತ್ತೆ. ಆದರೂ ಲಿಥಿಯಂ ಸೆಟ್ಟಿಂಗ್ ಇರುವ ಚಾರ್ಜರೇ ಬೇಕು. ಪಿನ್ ಸರಿಹೊಂದಿತು ಅಂತ ಚಾರ್ಜರ್ ಸರಿಹೊಂದಿತು ಅಂತಲ್ಲ.

ಸ್ಪ್ರೇಯರಿನ ಇನ್ನೊಂದು ಸಮಸ್ಯೆ, ಸೋರಿಕೆ. ಬೋರ್ಡೋ, ಜೀವಾಮೃತ, ಮೀನಿನ ದ್ರಾವಣ ಏನೇ ಹೊಡೆದರೂ ಒಂದಿಷ್ಟು ಕೆಳಗಿನ ಬ್ಯಾಟರಿ ಗೂಡಿಗೆ ಇಳಿಯುತ್ತೆ. ಮೈಲುತುತ್ತ ಇರುವ ದ್ರಾವಣ ತಾಗಿದರೆ ಟರ್ಮಿನಲ್ಲು, ಬಿಎಂಎಸ್ ಎರಡೂ ತುಕ್ಕು ಹಿಡಿದು ತಿಂದು ಹೋಗುತ್ತವೆ. ಸಿಂಪರಣೆ ಮುಗಿದ ದಿನ ಪ್ಯಾಕ್ ಹೊರಗೆ ತೆಗೆದು ಒಣ ಬಟ್ಟೆಯಲ್ಲಿ ಒರೆಸಿ, ಗೂಡು ಒಣಗಿಸಿ. ಒದ್ದೆ ಇದ್ದಾಗ ಚಾರ್ಜಿಗೆ ಹಾಕಲೇಬೇಡಿ.

ಮನೆಗೆ ತರೋ ಮೊದಲು ನೋಡಬೇಕಾದ್ದು

ಒಂದು ಸಾಧಾರಣ ಮಲ್ಟಿಮೀಟರ್ ಸಾಕು. ಪರೀಕ್ಷೆ ಮನೆಯೊಳಗೆ ಬೇಡ, ಖಾಲಿ ಕಣದಲ್ಲಿ, ಸಿಮೆಂಟ್ ನೆಲದ ಮೇಲೆ ಮಾಡಿ. ಕೈಯಲ್ಲಿ ಉಂಗುರ, ಬಳೆ, ವಾಚ್ ಇದ್ದರೆ ತೆಗೆದಿಡಿ.

1. ಉಬ್ಬಿದ್ದು, ತಗ್ಗು ಬಿದ್ದಿದ್ದು, ತುಕ್ಕು ಹಿಡಿದಿದ್ದು, ಸೋರಿದ್ದು ಯಾವುದೂ ಬೇಡ. ನೈಲ್ ಪಾಲಿಶ್ ಥರದ ಸಿಹಿ ವಾಸನೆ ಬಂದರೆ ಒಳಗಿನ ದ್ರಾವಣ ಸೋರ್ತಿದೆ ಅಂತ ಅರ್ಥ.
2. 2 ವೋಲ್ಟಿಗಿಂತ ಕೆಳಗೆ ಇಳಿದ ಸೆಲ್ಲನ್ನು ಬದುಕಿಸೋ ಪ್ರಯತ್ನ ಬೇಡ. "ಒಂದು ಸಲ ಶಾಕ್ ಕೊಟ್ಟರೆ ಏಳುತ್ತೆ" ಅಂತ ವಿಡಿಯೋದಲ್ಲಿ ತೋರಿಸ್ತಾರೆ. ಏಳುತ್ತೆ ನಿಜ. ಆದರೆ ಅಷ್ಟು ಖಾಲಿಯಾದಾಗ ಒಳಗಿನ ತಾಮ್ರ ಕರಗಿ, ಮತ್ತೆ ಚಾರ್ಜ್ ಮಾಡಿದಾಗ ಬೇರೆ ಕಡೆ ಕೂತಿರುತ್ತೆ. ಅದೇ ಮುಂದೆ ಒಳ ಶಾರ್ಟಿಗೆ ದಾರಿ.
3. ಚಾರ್ಜ್ ಮಾಡಿ ಒಂದು ದಿನ ಬಿಟ್ಟು ವೋಲ್ಟೇಜ್ ಬರೆದಿಡಿ. ಮೂರು ವಾರ ಬಿಟ್ಟು ಮತ್ತೆ ನೋಡಿ. ಉಳಿದವುಗಳಿಗಿಂತ ಒಂದು ಸೆಲ್ ಹೆಚ್ಚು ಇಳಿದಿದ್ದರೆ ಅದು ಒಳಗೇ ಸೋರುತ್ತಿದೆ, ತೆಗೆದು ಬಿಡಿ.
4. ಚಾರ್ಜ್ ಆಗುವಾಗ ಕೈ ಇಟ್ಟು ನೋಡಿ. ಸ್ವಲ್ಪ ಬೆಚ್ಚಗಾಗಬಹುದು. ಒಂದೇ ಸೆಲ್ ಬಿಸಿಯಾಗ್ತಿದ್ದರೆ ಅದು ಲಾಯಕ್ಕಿಲ್ಲ.
5. ಮೇಲೆ 9900 ಎಂಎಎಚ್ ಅಂತ ಬರೆದ ಟಾರ್ಚ್ ಸೆಲ್ ಕಂಡರೆ ವಾಪಸ್ ಕೊಡಿ. ಒಳ್ಳೇ ಕಂಪನಿಯ 18650 ಸೆಲ್ಲೂ ಸಾಮಾನ್ಯವಾಗಿ 3500 ಆಸುಪಾಸಿನದು. ಹೆಸರಲ್ಲೇ ಸುಳ್ಳು ಹೇಳಿದವರು ಒಳಗೆ ಏನು ತುಂಬಿರ್ತಾರೋ!

ಪ್ಯಾಕ್ ಕಟ್ಟಿಸೋದಾದರೆ ಒಂದೇ ಕಂಪನಿ, ಒಂದೇ ಮಾದರಿಯ ಸೆಲ್, ಸರಿಯಾದ ಬಿಎಂಎಸ್, ಫ್ಯೂಸ್ ಇರಲೇಬೇಕು. ಮನೆ ಕರೆಂಟಿಗೆ ಹಾಕೋ ಸಾಧಾರಣ ಎಂಸಿಬಿಯನ್ನು ಬ್ಯಾಟರಿಗೆ ಹಾಕಬೇಡಿ. ಬ್ಯಾಟರಿಯದ್ದು ಡಿಸಿ, ಅದರಲ್ಲಿ ಹುಟ್ಟುವ ಕಿಡಿ ಸುಲಭಕ್ಕೆ ಕತ್ತರಿಸಲ್ಲ. ಡಿಸಿ ಅಂತಲೇ ಬರೆದ ಬ್ರೇಕರ್ ಕೇಳಿ ತನ್ನಿ. ಸೆಲ್ಲಿಗೆ ನೇರ ಸೋಲ್ಡರ್ ಕಾಯಿಸಿ ಅಂಟಿಸೋದು ಕೂಡ ಬೇಡ. ಆ ಬಿಸಿ ಒಳಗಿನ ಪರದೆಗೆ ಹೋಗುತ್ತೆ. ಸ್ಪಾಟ್ ವೆಲ್ಡಿಂಗ್ ಮಾಡುವವರ ಹತ್ತಿರವೇ ಮಾಡಿಸಿ.

ಎಲ್ಲಿ ಇಡಬೇಕು, ಎಲ್ಲಿ ಇಡಬಾರದು

ಇಡಬಾರದ ಜಾಗ ಮೊದಲು ಹೇಳ್ತೀನಿ.

- ಕಾಫಿ, ಮೆಣಸು, ಏಲಕ್ಕಿ, ಅಡಿಕೆ ಇರುವ ಗೋಡೌನ್. ಗೋಣಿಚೀಲದಂಥ ಒಳ್ಳೇ ಉರುವಲು ಇನ್ನೊಂದಿಲ್ಲ.
- ಪೆಟ್ರೋಲ್, ಡೀಸೆಲ್, ಗ್ಯಾಸ್ ಸಿಲಿಂಡರ್, ಸೌದೆ, ಕಾಫಿ ಸಿಪ್ಪೆ ಇರುವ ಕಡೆ.
- ಗೊಬ್ಬರದ ಕೋಣೆ. 13-0-45 ಅಂದರೆ ಪೊಟ್ಯಾಷಿಯಂ ನೈಟ್ರೇಟ್. ಅದು, ಕ್ಯಾಲ್ಸಿಯಂ ನೈಟ್ರೇಟ್ ಎರಡೂ ಬೆಂಕಿಗೆ ಆಮ್ಲಜನಕ ಒದಗಿಸುತ್ತವೆ. ಸಾವಯವದವರ ಮನೆಯಲ್ಲಿ ಇರುವ ಗಂಧಕವೂ ಹೊತ್ತಿದರೆ ಉಸಿರುಗಟ್ಟಿಸೋ ಹೊಗೆ ಬಿಡುತ್ತೆ.
- ಮರದ ಅಟ್ಟ, ಮೆಟ್ಟಿಲ ಕೆಳಗೆ, ಹೊರಗೆ ಹೋಗೋ ಬಾಗಿಲ ಪಕ್ಕ. ಬೆಂಕಿ ಬಿದ್ದರೆ ತಪ್ಪಿಸಿಕೊಳ್ಳೋ ದಾರಿಯೇ ಮುಚ್ಚಿ ಹೋಗುತ್ತೆ. ಸಿಕಂದರಾಬಾದಿನಲ್ಲಿ ಹೊಗೆ ಹೋದದ್ದು ಇಂಥ ದಾರಿಯಲ್ಲೇ.
- ಬಚ್ಚಲು ಒಲೆ, ಅಡುಗೆ ಒಲೆಯ ಹತ್ತಿರ, ಬಿಸಿಲು ನೇರ ಬೀಳೋ ತಗಡಿನ ಕೆಳಗೆ. ಮಾರ್ಚ್-ಏಪ್ರಿಲಿನಲ್ಲಿ ನಮ್ಮ ತಂಪು ಊರಲ್ಲೂ ತಗಡಿನ ಕೆಳಗೆ ಒಲೆಯ ಹಾಗಿರುತ್ತೆ.
- ಯಾರೇ ಮಲಗುವ ಕೋಣೆ.

ಹಾಗಾದ್ರೆ ಎಲ್ಲಿ? ನನ್ನ ಸಲಹೆ ಇದು. ಮನೆ ಮತ್ತು ಗೋಡೌನ್ ಎರಡರಿಂದಲೂ ಕನಿಷ್ಠ 10 ಅಡಿ ದೂರ, ಇಟ್ಟಿಗೆ ಅಥವಾ ಕಲ್ಲಿನ ಗೋಡೆ, ಸಿಮೆಂಟ್ ನೆಲ, ಮೇಲೆ ನೆರಳು, ಗಾಳಿ ಆಡುವ ಜಾಲರಿ. ಹಳೇ ಪಂಪ್‌ಹೌಸ್, ಖಾಲಿ ಬಿದ್ದಿರೋ ನಾಯಿಮನೆ ಸರಿ ಮಾಡಿದರೂ ಸಾಕು. ಹೊಸದಾಗಿ ಕಟ್ಟೋದಾದರೆ ಆಳೆತ್ತರ ಬೇಡ, ಸೊಂಟದೆತ್ತರದ ಗೂಡು ಸಾಕು. ಮಳೆ ಎರಚಲು ಹೊಡೆಯದ ಕಡೆ ಬಾಗಿಲು ಇರಲಿ.

ಬಿಡಿ ಸೆಲ್‌ಗಳನ್ನು ಹಳೇ ಡಬ್ಬದಲ್ಲಿ ಸುರಿದು ಇಡಬೇಡಿ. ಎರಡೂ ತುದಿಗೆ ಟೇಪ್ ಸುತ್ತಿ, ಒಂದಕ್ಕೊಂದು ತಾಗದ ಹಾಗೆ ಜೋಡಿಸಿ. ಅನುಮಾನ ಇರುವ ಸೆಲ್ ಇದ್ದರೆ ಮಣ್ಣಿನ ಮಡಕೆಗೆ ಒಣ ಮರಳು ಹಾಕಿ ಅದರಲ್ಲಿ ಹುಗಿದು ಹೊರಗೆ ಇಡಿ. ಮುಚ್ಚಳ ಸಡಿಲ ಇರಲಿ. ಗಾಳಿಯಾಡದ ಹಾಗೆ ಬಿಗಿಯಾಗಿ ಮುಚ್ಚಿದ ಕಬ್ಬಿಣದ ಪೆಟ್ಟಿಗೆ ಬಾಂಬ್ ಆಗುತ್ತೆ. ಟಾರ್ಚಿನ ಹೆಚ್ಚುವರಿ ಸೆಲ್ ಜೇಬಲ್ಲಿ ಕೀಲಿ, ಚಿಲ್ಲರೆ ಜೊತೆ ಇಟ್ಟುಕೊಂಡು ತೋಟಕ್ಕೆ ಹೋಗೋದು ಬಿಡಿ.

ಎಷ್ಟು ಚಾರ್ಜಲ್ಲಿ ಇಡಬೇಕು? ತಿಂಗಳುಗಟ್ಟಲೆ ಬಳಸದೆ ಇಡೋದಾದರೆ 30ರಿಂದ 50 ಶೇಕಡಾ. ಎನ್‌ಎಂಸಿ ಸೆಲ್ಲಿಗೆ ಸುಮಾರು 3.6ರಿಂದ 3.7 ವೋಲ್ಟ್. ಪೂರ್ತಿ ತುಂಬಿದ ಸೆಲ್ಲಿನಲ್ಲಿ ಬೆಂಕಿಗೆ ಬೇಕಾದ ಶಕ್ತಿಯೂ ಪೂರ್ತಿ ಇರುತ್ತೆ. ಲಿಥಿಯಂ ಅಯಾನ್ ಬ್ಯಾಟರಿಯನ್ನು ಬಿಡಿಯಾಗಿ ವಿಮಾನದಲ್ಲಿ ಸಾಗಿಸುವಾಗ 30 ಶೇಕಡಾಕ್ಕಿಂತ ಹೆಚ್ಚು ಚಾರ್ಜ್ ಇರಬಾರದು ಅಂತ 2016ರ ಏಪ್ರಿಲಿನಿಂದ ಅಂತರರಾಷ್ಟ್ರೀಯ ನಿಯಮವೇ ಇದೆ. ಸುಗ್ಗಿ ಮುಗಿದು ಸ್ಪ್ರೇಯರ್ ಮೂಲೆಗೆ ಸೇರುವಾಗ ನಾವೂ ಇದನ್ನೇ ಪಾಲಿಸಬಹುದು. ಎರಡು-ಮೂರು ತಿಂಗಳಿಗೊಮ್ಮೆ ತೆಗೆದು ವೋಲ್ಟೇಜ್ ನೋಡಿ, ಉಬ್ಬಿದೆಯಾ ಅಂತ ಕಣ್ಣಾಡಿಸಿ.

ಇಲಿ ಮರೀಬೇಡಿ. ಗೋಡೌನಿನ ಇಲಿಗೆ ವೈರ್ ಅಂದ್ರೆ ಪ್ರೀತಿ. ಗೂಡಿಗೆ ಸಣ್ಣ ಕಣ್ಣಿನ ಜಾಲರಿಯೇ ಹಾಕಿ.

ಚಾರ್ಜ್ ಮಾಡುವಾಗ

ಎಚ್ಚರ ಇದ್ದಾಗ ಚಾರ್ಜ್, ಮಲಗುವಾಗ ಪ್ಲಗ್ ಹೊರಗೆ. ಇಷ್ಟು ಪಾಲಿಸಿದರೆ ಅರ್ಧ ಅಪಾಯ ಕಡಿಮೆ. ಸಿಮೆಂಟ್ ನೆಲದ ಮೇಲೆ, ಸುತ್ತ ಮೂರಡಿ ಏನೂ ಇಲ್ಲದ ಹಾಗೆ ಇಟ್ಟು ಚಾರ್ಜ್ ಮಾಡಿ. ಹಾಸಿಗೆ, ಕಂಬಳಿ, ರಟ್ಟಿನ ಪೆಟ್ಟಿಗೆ ಮೇಲೆ ಬೇಡ. ಚಾರ್ಜರಿಗೆ ಟೈಮರ್ ಸ್ವಿಚ್ ಹಾಕಿದರೆ ಒಳ್ಳೇದು. ಬಳಸಿ ಬಿಸಿಯಾದ ಪ್ಯಾಕನ್ನು ತಣಿಸಿ ಆಮೇಲೆ ಹಾಕಿ.

ಏಪ್ರಿಲ್-ಮೇ ತಿಂಗಳ ಗುಡುಗು ಸಿಡಿಲಿಗೆ ಮೋಡ ಕಟ್ಟಿತು ಅಂದ ತಕ್ಷಣ ಚಾರ್ಜರ್ ಪ್ಲಗ್ ಕಿತ್ತಿಡಿ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಮಾಡುವಾಗಲೂ ಹಾಗೆಯೇ. ಅಗ್ಗದ ಚಾರ್ಜರುಗಳು ಆ ಏರಿಳಿತಕ್ಕೆ ಕೆಟ್ಟು ಹೆಚ್ಚು ವೋಲ್ಟೇಜ್ ಬಿಡೋ ಸಾಧ್ಯತೆ ಇರುತ್ತೆ.

ಲೈನ್ ಮನೆಗಳ ಬಗ್ಗೆ

ತೋಟದ ಮಾಲೀಕರಿಗೆ ಒಂದು ಮಾತು. ನಮ್ಮ ಮನೆಗೆ ಹೊಸ ಇನ್ವರ್ಟರ್ ಬಂದಾಗ ಹಳೇದು ಹೋಗೋದು ಲೈನಿಗೆ. ಸ್ಪ್ರೇಯರ್ ಚಾರ್ಜ್ ಆಗೋದೂ ಎಷ್ಟೋ ಕಡೆ ಕೆಲಸದವರ ಮನೆಯಲ್ಲೇ, ಬೆಳಿಗ್ಗೆ ಬೇಗ ಹೊರಡೋಕೆ ಸುಲಭ ಅಂತ. ಒಂದೇ ಕೋಣೆ, ಒಂದೇ ಬಾಗಿಲು, ಮಳೆಗೆ ಕಿಟಕಿ ಮುಚ್ಚಿರ್ತಾರೆ, ಒಳಗೆ ನಾಲ್ಕೈದು ಜನ ಮಲಗಿರ್ತಾರೆ. ಸಾಲುಮನೆ ಆದ್ದರಿಂದ ಒಂದರ ಹೊಗೆ ಸೂರಿನ ಸಂದಿಯಿಂದ ಪಕ್ಕದ್ದಕ್ಕೆ. ದೂರದ ಊರಿಂದ, ಬೇರೆ ರಾಜ್ಯದಿಂದ ಬಂದವರಿಗೆ ಚಾರ್ಜರ್ ಮೇಲೆ ಬರೆದದ್ದೂ ಓದೋಕೆ ಬರಲ್ಲ, ನಾವು ಹೇಳಿದ್ದೂ ಪೂರ್ತಿ ಅರ್ಥ ಆಗಿರಲ್ಲ.

ಇದಕ್ಕೆ ಪರಿಹಾರ ದುಬಾರಿಯಲ್ಲ. ಲೈನಿನ ಹೊರಗೆ, ಮನೆಗಳಿಂದ ಬೇರೆಯಾಗಿ, ಸೂರು ಇರುವ ಒಂದು ಚಾರ್ಜಿಂಗ್ ಕಟ್ಟೆ ಮಾಡಿ. ಅಲ್ಲಿ ಮಾತ್ರ ಪ್ಲಗ್ ಇರಲಿ. ಯಾವ ಬ್ಯಾಟರಿಗೆ ಯಾವ ಚಾರ್ಜರ್ ಅಂತ ಎರಡಕ್ಕೂ ಒಂದೇ ಬಣ್ಣದ ಟೇಪ್ ಸುತ್ತಿ. ಕೆಂಪಿಗೆ ಕೆಂಪು, ಹಸಿರಿಗೆ ಹಸಿರು ಅಂದರೆ ಯಾವ ಭಾಷೆಯವರಿಗೂ ಅರ್ಥವಾಗುತ್ತೆ. ಬ್ಯಾಟರಿ ಉಬ್ಬಿದೆ, ವಾಸನೆ ಬರ್ತಿದೆ ಅಂತ ಬಂದು ಹೇಳಿದವರಿಗೆ "ನೀನೇ ಹಾಳು ಮಾಡಿದ್ದು" ಅಂತ ಬೈಯಬೇಡಿ. ಬೈದರೆ ಮುಂದಿನ ಸಲ ಬಚ್ಚಿಡ್ತಾರೆ.

ಹೊಗೆ ಕಂಡರೆ

1. ಬುಸ್ ಅನ್ನೋ ಶಬ್ದ, ಪಟ್ ಪಟ್ ಸದ್ದು, ಬಿಳಿ ಹೊಗೆ, ಸಿಹಿ ವಾಸನೆ. ಇದರಲ್ಲಿ ಯಾವುದು ಕಂಡರೂ ಮೊದಲು ಜನರನ್ನು ಹೊರಗೆ ಕಳಿಸಿ. ಆಮೇಲೆ ಸಿಗೋ ಸಮಯ ನಿಮಿಷಗಳಲ್ಲಲ್ಲ, ಸೆಕೆಂಡುಗಳಲ್ಲಿ.
2. ಬ್ಯಾಟರಿಯನ್ನು ಕೈಯಲ್ಲಿ ಎತ್ತಿಕೊಂಡು ಓಡಬೇಡಿ. ಅದು ಕೈಯಲ್ಲೇ ಸಿಡಿಯಬಹುದು.
3. ಹೋಗೋ ದಾರಿಯಲ್ಲಿ ಸಿಕ್ಕಿದರೆ ಮಾತ್ರ ಮೇನ್ ಸ್ವಿಚ್ ಆಫ್ ಮಾಡಿ. ಹೊಗೆ ದಾಟಿ ಹೋಗಬೇಡಿ.
4. 112 ಅಥವಾ 101ಕ್ಕೆ ಕರೆ ಮಾಡಿ. ಲಿಥಿಯಂ ಬ್ಯಾಟರಿ ಬೆಂಕಿ ಅಂತ ಸ್ಪಷ್ಟವಾಗಿ ಹೇಳಿ, ಪಕ್ಕದಲ್ಲಿ ಪೆಟ್ರೋಲ್, ಗ್ಯಾಸ್ ಇದ್ದರೆ ಅದನ್ನೂ ಹೇಳಿ. ತೋಟದ ತಿರುವಿಗೆ ಟಾರ್ಚ್ ಹಿಡಿದು ಒಬ್ಬರನ್ನು ನಿಲ್ಲಿಸಿ.
5. ಸಣ್ಣ ಬೆಂಕಿ, ಹೊರಗಡೆ ಇದೆ, ನಿಮ್ಮ ಹಿಂದೆ ದಾರಿ ತೆರೆದಿದೆ ಅಂದರೆ ದೂರದಿಂದ ಧಾರಾಳ ನೀರು ಹೊಡೆಯಿರಿ. ಪೈಪ್ ಇದ್ದರೆ ಬಿಡಬೇಡಿ. ಇಲ್ಲಿ ಬೇಕಾದ್ದು ತಂಪು. ಪೌಡರ್ ಸಿಲಿಂಡರ್ ಜ್ವಾಲೆ ಇಳಿಸುತ್ತೆ, ಆದರೆ ಸೆಲ್ ಬಿಸಿ ಇಳಿಸಲ್ಲ. ಅದು ಪಕ್ಕದ ಗೋಣಿಚೀಲ ಹೊತ್ತದ ಹಾಗೆ ತಡೆಯೋಕೆ ಉಪಯೋಗ.
6. ಆರಿತು ಅಂತ ಒಳಗೆ ತರಬೇಡಿ. ಗಂಟೆಗಳು, ಕೆಲವೊಮ್ಮೆ ದಿನಗಳಾದ ಮೇಲೂ ಮತ್ತೆ ಹೊತ್ತಿಕೊಳ್ಳುತ್ತೆ. ಬಯಲಲ್ಲೇ, ಸುತ್ತ ಒಣ ಎಲೆ ಇಲ್ಲದ ಕಡೆ ಬಿಟ್ಟು ಕಣ್ಣಿಡಿ. ಆ ನೀರು ಬಾವಿಗೆ, ಹಳ್ಳಕ್ಕೆ ಇಳಿಯದ ಹಾಗೆ ಮಣ್ಣಿನ ಒಡ್ಡು ಹಾಕಿ.
7. ಹೊಗೆ ಕುಡಿದವರಿಗೆ ಕೆಮ್ಮು, ಎದೆ ಉರಿ ಇಲ್ಲದಿದ್ದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಈ ಹೊಗೆಯ ಪೆಟ್ಟು ತಡವಾಗಿ ಕಾಣಬಹುದು.

ಅಗ್ನಿಶಾಮಕ ವಾಹನ ಘಾಟಿ ರಸ್ತೆಯಲ್ಲಿ, ಮಳೆಯಲ್ಲಿ ನಮ್ಮ ತೋಟದ ಗೇಟಿಗೆ ಬರೋಕೆ ಎಷ್ಟು ಹೊತ್ತು ಬೇಕು ಅಂತ ನೀವೇ ಲೆಕ್ಕ ಹಾಕಿ. ಆ ಹೊತ್ತಿಗೆ ಒಂದು ಪ್ಯಾಕ್ ಪೂರ್ತಿ ಉರಿದಿರುತ್ತೆ. ಅದರ ಪಕ್ಕ ಏನು ಇಟ್ಟಿದ್ದಿರಿ ಅನ್ನೋದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಕೆಟ್ಟದ್ದನ್ನು ಏನು ಮಾಡೋದು?

ಒಲೆಗೆ, ಕಸದ ಗುಂಡಿಗೆ, ಕಾಂಪೋಸ್ಟ್ ಪಕ್ಕಕ್ಕೆ ಎಸೆಯೋದು ಬೇಡವೇ ಬೇಡ. ಉಪ್ಪುನೀರಲ್ಲಿ ಮುಳುಗಿಸಿದರೆ ಖಾಲಿಯಾಗುತ್ತೆ ಅನ್ನೋ ಉಪಾಯವನ್ನೂ ಮನೆಯಲ್ಲಿ ಮಾಡಬೇಡಿ. ತುದಿಗಳು ತುಕ್ಕು ಹಿಡಿದು ಸಂಪರ್ಕ ತಪ್ಪುತ್ತೆ, ಒಳಗೆ ಚಾರ್ಜ್ ಹಾಗೇ ಉಳಿದಿರಬಹುದು, ಅನಿಲವೂ ಬರುತ್ತೆ.

2022ರ ಆಗಸ್ಟಿನಲ್ಲಿ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬ್ಯಾಟರಿ ತಯಾರಿಸಿದ ಕಂಪನಿಗೆ ಅದನ್ನು ವಾಪಸ್ ಸಂಗ್ರಹಿಸುವ ಹೊಣೆ ಇದೆ. ಬಳಕೆದಾರರಾದ ನಮಗೂ ಅದನ್ನು ಮನೆಕಸದ ಜೊತೆ ಸೇರಿಸದೆ, ಸಂಗ್ರಹಿಸುವವರಿಗೆ ಅಥವಾ ಮರುಬಳಕೆ ಮಾಡುವವರಿಗೆ ಕೊಡಬೇಕಾದ ಹೊಣೆ ಇದೆ. ಸೀಸದ ಬ್ಯಾಟರಿಗೆ ಗುಜರಿಯವರು ದುಡ್ಡು ಕೊಟ್ಟು ಒಯ್ಯುತ್ತಾರೆ, ಲಿಥಿಯಮ್ಮಿಗೆ ಅಷ್ಟು ಆಸಕ್ತಿ ತೋರಿಸಲ್ಲ. ಆದ್ದರಿಂದ ಸ್ಕೂಟರ್ ಅಥವಾ ಇನ್ವರ್ಟರ್ ಡೀಲರ್ ಹತ್ತಿರ, ನೋಂದಾಯಿತ ಇ-ತ್ಯಾಜ್ಯ ಸಂಗ್ರಹಕಾರರ ಹತ್ತಿರ ಕೇಳಿ. ಅಕ್ಕಪಕ್ಕದ ಹತ್ತು ತೋಟದವರು ಸೇರಿ ವರ್ಷಕ್ಕೊಮ್ಮೆ ಒಟ್ಟು ಮಾಡಿ ಕಳಿಸಿದರೆ ಖರ್ಚೂ ಹಂಚಿಹೋಗುತ್ತೆ. ಸ್ಥಳೀಯ ಬೆಳೆಗಾರರ ಸಂಘದ ಸಭೆಯಲ್ಲಿ ಎತ್ತಬಹುದಾದ ವಿಷಯ ಇದು. ಕಳಿಸೋ ತನಕ ಟೇಪ್, ಮರಳು, ಮಡಕೆ, ಹೊರಗೆ.

ಈ ಭಾನುವಾರ ಮಾಡಬೇಕಾದ್ದು

ಅರ್ಧ ಗಂಟೆ ಸಾಕು. ಮನೆ, ಗೋಡೌನ್, ಲೈನ್ ಒಂದು ಸುತ್ತು ಹಾಕಿ. ಎಷ್ಟು ಲಿಥಿಯಂ ಬ್ಯಾಟರಿ ಇದೆ ಅಂತ ಒಂದು ಚೀಟಿಯಲ್ಲಿ ಬರೆಯಿರಿ. ಸ್ಪ್ರೇಯರ್, ಬೇಲಿ, ಟಾರ್ಚ್, ಹಳೇ ಲ್ಯಾಪ್‌ಟಾಪ್, ಡ್ರಾಯರಿನ ಹಳೇ ಮೊಬೈಲ್ ಎಲ್ಲ ಸೇರಿಸಿ. ಉಬ್ಬಿದ್ದನ್ನು ಹೊರಗೆ ಹಾಕಿ. ಕಾಫಿ ಪಕ್ಕ, ಪೆಟ್ರೋಲ್ ಪಕ್ಕ, ಹಾಸಿಗೆ ಪಕ್ಕ ಇರೋದನ್ನು ಅವತ್ತೇ ಜಾಗ ಬದಲಿಸಿ. ಪ್ರತಿ ಚಾರ್ಜರಿನ ಹಿಂದೆ ಬರೆದ ವೋಲ್ಟೇಜನ್ನು ಬ್ಯಾಟರಿಗೆ ತಾಳೆ ನೋಡಿ. ಬ್ಯಾಟರಿ ಗೂಡು ಕಟ್ಟೋದು, ಕಟ್ಟೆ ಹಾಕೋದು ಆಮೇಲೆ ನಿಧಾನಕ್ಕೆ ಮಾಡಬಹುದು.

ನಿಮ್ಮ ಸ್ಪ್ರೇಯರಿಗೆ ಯಾವ ಪ್ಯಾಕ್, ಯಾವ ಚಾರ್ಜರ್ ಹೊಂದುತ್ತೆ ಅನ್ನೋ ಅನುಮಾನ ಇದ್ದರೆ ಎರಡರ ಮೇಲಿನ ಚೀಟಿಯ ಫೋಟೋ ಕಳಿಸಿ, ನೋಡಿ ಹೇಳ್ತೀನಿ. ಮುಂದಿನ ವಾರ ಮತ್ತೆ ತೋಟಕ್ಕೆ ಬರೋಣ: ಮಳೆಗೆ ಮೊದಲು ಮೆಣಸಿನ ಬಳ್ಳಿಯ ಬುಡಕ್ಕೆ ಟ್ರೈಕೋಡರ್ಮಾ ಕೊಡುವ ಕ್ರಮ.